ಮೂತ್ರಪಿಂಡದ ಕಲ್ಲಿಗೆ ಸಸ್ಯಸಾರಗಳ ಪರೀಕ್ಷೆ

ಮೂತ್ರಪಿಂಡ, ಮೂತ್ರನಾಳ ಮತ್ತು ಮೂತ್ರಕೋಶಗಳಲ್ಲಿ ಕಟ್ಟುವ ಕಲ್ಲಿನ ಮೇಲೆ ಔಷಧೀಯ ಸಸ್ಯಗಳ ರಸ, ಕಷಾಯ, ಸಾರಗಳು ಏನು ಮಾಡುತ್ತವೆ ಎಂಬುದನ್ನು ಮೊದಲು ಗಾಜಿನ ನಳಿಕೆಯಲ್ಲಿ, ಆಮೇಲೆ ಇಲಿಗಳಲ್ಲಿ, ಕೊನೆಗೆ ರೋಗಿಗಳಲ್ಲಿ ಒರೆಗೆ ಹಚ್ಚಿ ನೋಡುವ ಔಷಧವಿಜ್ಞಾನದ ಕೆಲಸ. ಆಯುರ್ವೇದದಲ್ಲಿ ಈ ರೋಗಕ್ಕೆ ಅಶ್ಮರಿ ಎಂದು ಹೆಸರು. ಮೊದಲ ಎರಡು ಹಂತಗಳಲ್ಲಿ ಗೆದ್ದ ಸಸ್ಯಗಳು ನೂರಾರು. ಮೂರನೆಯದನ್ನು ಗಟ್ಟಿಯಾಗಿ ದಾಟಿದವು ತೀರಾ ಕಡಿಮೆ. ಭಾರತದ ಫಾರ್ಮಸಿ ಕಾಲೇಜುಗಳಲ್ಲಿ, ಅದರಲ್ಲೂ ಕರ್ನಾಟಕದ ಎಂ.ಫಾರ್ಮ್ ಪ್ರಬಂಧಗಳಲ್ಲಿ, ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ವಿಷಯಗಳಲ್ಲಿ ಇದೂ ಒಂದು.

ನಿಟ್ಟೆ ಮತ್ತು ಸುತ್ತಲಿನ ನೆಲೆ

ಇಂಥ ಪರೀಕ್ಷೆಗಳಿಗೆ ಅನುಕೂಲವಾದ ಒಂದು ನೆಲೆ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆ, ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ರಸ್ತೆಯ ಮೇಲಿನ ಹಳ್ಳಿ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಸ್ಥಾಪಿಸಿದ ನಿಟ್ಟೆ ವಿದ್ಯಾಸಂಸ್ಥೆಗೆ ಈ ಊರಿನದೇ ಹೆಸರು. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಊರಿನಲ್ಲೇ ಇದೆ, ಗುಲಾಬಿ ಶೆಟ್ಟಿ ಸ್ಮಾರಕ ಫಾರ್ಮಸಿ ಕಾಲೇಜು ಮತ್ತು ವೈದ್ಯಕೀಯ ಕಾಲೇಜುಗಳು ಮಂಗಳೂರಿನ ಪಕ್ಕದ ದೇರಳಕಟ್ಟೆಯಲ್ಲಿವೆ. ಹತ್ತಿರದ ಮಣಿಪಾಲದಲ್ಲಿ 1953ರ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1963ರಲ್ಲಿ ಶುರುವಾದ ಫಾರ್ಮಸಿ ಕಾಲೇಜು, ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ನಡೆದು ಬಂದಿರುವ ಆಯುರ್ವೇದ ಕಾಲೇಜು. ಕಾಷ್ಠೌಷಧ ಕುಟ್ಟಿ ಕಷಾಯ ಕಾಯಿಸುವವರು, ಅದರ ರಸಾಯನ ಬಿಡಿಸುವವರು, ಮೂತ್ರಪಿಂಡದ ಕಲ್ಲು ಒಡೆಯುವ ಯಂತ್ರ ನಡೆಸುವವರು ಒಂದೇ ದಿನದಲ್ಲಿ ಬಸ್ಸು ಹಿಡಿದು ಹೋಗಿಬರುವಷ್ಟು ದೂರದೊಳಗೆ ಸಿಗುವ ಪ್ರದೇಶಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಮನೆಮದ್ದಿನ ಬಳಕೆಯೂ ಇಲ್ಲಿ ದಟ್ಟವಾಗಿದೆ. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು ಬಂದವರಿಗೆ ಮೊದಲು ಸಿಗುವ ಸಲಹೆ ಬಾಳೆದಿಂಡಿನ ರಸ, ಬಾರ್ಲಿ ನೀರು, ಬೊಂಡ, ಕಾಡುಬಸಳೆಯ ಎಲೆ, ತುಳುವರ ಮನೆಯ ಕುಡುತ ಸಾರ್ ಅಂದರೆ ಹುರುಳಿ ಸಾರು. ಊರಿನ ಮುರಕಲ್ಲು ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಆದ್ದರಿಂದ ಗಡಸು ನೀರು ಕುಡಿದು ಕಲ್ಲಾಯಿತು ಎಂಬ ಬಯಲುಸೀಮೆಯ ವಿವರಣೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಸೆಕೆಗೆ ಬೆವರು ಸುರಿದು ಮೂತ್ರ ದಪ್ಪವಾಗುವುದು ಹೆಚ್ಚು ನಂಬಬಹುದಾದ ಕಾರಣ. ಕರಾವಳಿಯ ಎಷ್ಟೋ ಮನೆಗಳವರು ದುಡಿಯುವ ಕೊಲ್ಲಿ ನಾಡುಗಳು ಜಗತ್ತಿನಲ್ಲಿ ಈ ರೋಗ ಹೆಚ್ಚಾಗಿರುವ ಪಟ್ಟಿಯಲ್ಲಿ ಬರುವುದು ಸುಮ್ಮನೆ ಅಲ್ಲ.

ಅಶ್ಮರಿ ಮತ್ತು ಪಾಷಾಣಭೇದ

ಸುಶ್ರುತ ಸಂಹಿತೆ ಅಶ್ಮರಿಯನ್ನು ವಾತ, ಪಿತ್ತ, ಕಫ, ಶುಕ್ರ ಎಂದು ನಾಲ್ಕು ಬಗೆ ಮಾಡುತ್ತದೆ. ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವೆಲ್ಲ ಇದಕ್ಕೇ ಮೀಸಲು. ಹೊಸದಾಗಿ ಹುಟ್ಟಿದ್ದು ಮದ್ದಿಗೆ ಬಗ್ಗುತ್ತದೆ, ಬೆಳೆದದ್ದಕ್ಕೆ ಶಸ್ತ್ರವೇ ಗತಿ ಎಂಬುದು ಅಲ್ಲಿನ ನಿಲುವು. ಕಲ್ಲಿನ ಗಾತ್ರ ನೋಡಿ ಚಿಕಿತ್ಸೆ ತೀರ್ಮಾನಿಸುವ ಇಂದಿನ ಮೂತ್ರಶಾಸ್ತ್ರಜ್ಞರಿಗೂ ಇದರಲ್ಲಿ ತಕರಾರು ಇರಲಾರದು. ‘ಎಷ್ಟು ದೊಡ್ಡ ಕಲ್ಲಾದರೂ ಕರಗಿಸುತ್ತೇವೆ’ ಎಂಬ ಫಲಕ ಹಾಕುವವರು ಸುಶ್ರುತನ ಹೆಸರನ್ನು ಎಳೆದು ತರುವುದು ಅನ್ಯಾಯ.

ಅಶ್ಮರಿಗೆ ಹೇಳಿದ ಮದ್ದುಗಳಲ್ಲಿ ವರುಣ, ನೆಗ್ಗಿಲು ಮತ್ತು ಪಾಷಾಣಭೇದ ಮುಖ್ಯವಾದವು. ತೊಡಕು ಇರುವುದು ಪಾಷಾಣಭೇದದಲ್ಲಿ. ಭಾರತದ ಆಯುರ್ವೇದ ಔಷಧಕೋಶ ಒಪ್ಪಿಕೊಂಡಿರುವುದು ಹಿಮಾಲಯದ ಬಂಡೆಸಂದಿಗಳಲ್ಲಿ ಬೆಳೆಯುವ ಬರ್ಜೀನಿಯಾದ ಬೇರುಗಡ್ಡೆಯನ್ನು. ಅದು ಸಹ್ಯಾದ್ರಿಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ದಕ್ಷಿಣದ ವೈದ್ಯರು ತಮ್ಮ ಸುತ್ತ ಸಿಕ್ಕ ಗಿಡಗಳಿಗೆ ಆ ಹೆಸರು ಕೊಟ್ಟರು. ಕೇರಳ, ಕಾಸರಗೋಡಿನ ಕಡೆ ಹೊಳೆಯ ಕಲ್ಲುಗಳ ನಡುವೆ ಬೇರು ಬಿಡುವ ರೊಟುಲಾ ಅಕ್ವಾಟಿಕಾ ಎಂಬ ಪೊದೆ, ಮಲಯಾಳಿಗಳ ಕಲ್ಲೂರ್ವಂಚಿ, ಪಾಷಾಣಭೇದವಾಯಿತು. ಬಿಳಿ ಹಿಂಡಿ ಸೊಪ್ಪು, ದೊಡ್ಡಪತ್ರೆ, ಕಾಡುಬಸಳೆಗಳಿಗೂ ಬೇರೆ ಬೇರೆ ಕಡೆ ಅದೇ ಪಟ್ಟ. ಬರ್ಜೀನಿಯಾದಲ್ಲಿ ಬರ್ಜೆನಿನ್ ಎಂಬ ಗುರುತಿನ ರಾಸಾಯನಿಕವಿದೆ. ಉಳಿದವು ಬೇರೆ ಸಸ್ಯಕುಟುಂಬಗಳವು. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸುವ ಹಾಗಿಲ್ಲ.

ಕಲ್ಲಿಗೆ ಬಳಸುವ ನೆಲನೆಲ್ಲಿಯದೂ ಇಂಥದ್ದೇ ಕಥೆ. ಹಳೆಯ ಭಾರತೀಯ ಲೇಖನಗಳು ಅದನ್ನು ಫಿಲಾಂತಸ್ ನಿರೂರಿ ಎಂದು ಬರೆಯುತ್ತವೆ. ಸಸ್ಯಶಾಸ್ತ್ರಜ್ಞರ ಕಟ್ಟುನಿಟ್ಟಿನ ಅರ್ಥದಲ್ಲಿ ನಿರೂರಿ ಅಮೆರಿಕ ಖಂಡಗಳ ಗಿಡ. ನಮ್ಮ ಗದ್ದೆಬದು, ತೋಟದಂಚುಗಳಲ್ಲಿ ಕಾಣುವುದು ಬಹುಪಾಲು ಫಿಲಾಂತಸ್ ಅಮಾರಸ್ ಮತ್ತು ಅದರ ಹತ್ತಿರದ ಪ್ರಭೇದಗಳು. ಬ್ರೆಜಿಲಿನಲ್ಲಿ ‘ಕಲ್ಲೊಡೆಯುವ ಗಿಡ’ವೆಂದು ಕುಡಿದು ಪರೀಕ್ಷಿಸಿದ್ದು ಆ ನಿರೂರಿಯನ್ನು. ಇನ್ನು ನೆಗ್ಗಿಲು ಒಣನೆಲದ ಬಳ್ಳಿ, ಮಳೆ ಸುರಿಯುವ ಕರಾವಳಿಗೆ ಅದು ಘಟ್ಟದ ಮೇಲಿನಿಂದ ಒಣಗಿ ಬರುತ್ತದೆ. ಅಂಗಡಿಯ ಚೀಲದಲ್ಲಿ ಅದರ ಜೊತೆಗೋ ಬದಲಿಗೋ ಆನೆನೆಗ್ಗಿಲು ಸೇರಿರಬಹುದು. ಪರೀಕ್ಷೆಗೆ ಮೊದಲು ಸಸ್ಯದ ಹೂ, ಕಾಯಿ ಸಮೇತ ಮಾದರಿಯನ್ನು ಒತ್ತಿ ಒಣಗಿಸಿ, ಗುರುತು ಖಚಿತಪಡಿಸಿ, ಹರ್ಬೇರಿಯಂನಲ್ಲಿ ಸಂಖ್ಯೆ ಕೊಟ್ಟು ಇಡುವುದು ಈ ಕಾರಣಕ್ಕೆ. ಉಡುಪಿ ಸುತ್ತಿನ ಸಸ್ಯಗಳಿಗೆ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ (2003) ಇಂಥ ಗುರುತಿಗೆ ಒದಗುವ ಕೈಪಿಡಿ.

ಕರಗುವುದು ಯಾವುದು

ಮೂತ್ರಪಿಂಡದ ಕಲ್ಲುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕ್ಯಾಲ್ಸಿಯಂನವು, ಅವುಗಳಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಹೆಚ್ಚು. ಉಳಿದವು ಯೂರಿಕ್ ಆಮ್ಲ, ಸೋಂಕಿನಿಂದ ಕಟ್ಟುವ ಸ್ಟ್ರುವೈಟ್, ವಂಶವಾಹಿಯ ದೋಷದಿಂದ ಬರುವ ಸಿಸ್ಟಿನ್. ಯೂರಿಕ್ ಆಮ್ಲದ ಕಲ್ಲು ನಿಜಕ್ಕೂ ಕರಗುತ್ತದೆ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಆಮ್ಲೀಯತೆ ತಗ್ಗಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಮಾಯವಾಗಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಸುಮಾರು 6ರಿಂದ 7 ಮಿಲಿಗ್ರಾಂ ಮಾತ್ರ. ಆರೋಗ್ಯವಂತರ ಮೂತ್ರದಲ್ಲೂ ಅದು ಆಗಾಗ ಕರಗಬಲ್ಲ ಮಿತಿಗಿಂತ ಹೆಚ್ಚೇ ಇರುತ್ತದೆ. ಈಗಾಗಲೇ ಅತಿಯಾಗಿ ತುಂಬಿದ ದ್ರಾವಣದೊಳಗೆ ಕೂತ ಹರಳು ಕರಗಬೇಕೆಂದರೆ ರಸಾಯನವೇ ತಿರುಗಬೇಕು.

ಹಾಗಾದರೆ ಗಿಡಮದ್ದಿನಿಂದ ಏನನ್ನು ನಿರೀಕ್ಷಿಸಬಹುದು? ಹೊಸ ಹರಳು ಹುಟ್ಟದಂತೆ ತಡೆಯುವುದು, ಹುಟ್ಟಿದವು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ನೋಡುವುದು, ಮೂತ್ರದ ಪ್ರಮಾಣ ಹೆಚ್ಚಿಸುವುದು, ಮೂತ್ರನಾಳದ ಸೆಳೆತ ಸಡಿಲಿಸಿ ಸಣ್ಣ ಕಲ್ಲು ಜಾರಿ ಹೋಗಲು ಬಿಡುವುದು. ಇವೆಲ್ಲ ಬೇರೆ ಬೇರೆ ಕೆಲಸ, ಒಂದೊಂದಕ್ಕೂ ಬೇರೆ ಪರೀಕ್ಷೆ ಬೇಕು. ‘ಕಲ್ಲು ಕರಗಿಸುವ ಮದ್ದು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಡುವುದರಿಂದ ಪರೀಕ್ಷಕರೂ ತಪ್ಪು ಪ್ರಶ್ನೆ ಕೇಳಿಕೊಳ್ಳುತ್ತಾರೆ.

ಮೊಟ್ಟೆಯ ಪೊರೆಯ ಪರೀಕ್ಷೆ

ಅತ್ಯಂತ ಅಗ್ಗದ, ಅದರಿಂದಲೇ ಅತ್ಯಂತ ಜನಪ್ರಿಯ ಪರೀಕ್ಷೆ ಇದು. ಕೋಳಿಮೊಟ್ಟೆಯ ತುದಿಗೆ ತೂತು ಮಾಡಿ ಲೋಳೆ, ಹಳದಿಯನ್ನು ಹೊರಹಾಕುತ್ತಾರೆ. ಖಾಲಿ ಚಿಪ್ಪನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಸುಣ್ಣವೆಲ್ಲ ಗುಳ್ಳೆಯೆದ್ದು ಕರಗಿ, ಬೆಳಿಗ್ಗೆ ಮೆತ್ತನೆಯ ಅರೆಪಾರಕ ಪೊರೆಯಷ್ಟೇ ಉಳಿದಿರುತ್ತದೆ. ಅದನ್ನು ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಅಳಿದುಳಿದ ಆಮ್ಲ ಹೋಗಲು ಅಮೋನಿಯ ದ್ರಾವಣದಲ್ಲಿ ಅದ್ದಿ, ಚೀಲದಂತೆ ಬಳಸುತ್ತಾರೆ. ಒಳಗೆ ಸಾಮಾನ್ಯವಾಗಿ 1 ಮಿಲಿಗ್ರಾಂ ಕ್ಯಾಲ್ಸಿಯಂ ಆಕ್ಸಲೇಟ್, 10 ಮಿಲಿಗ್ರಾಂ ಸಸ್ಯಸಾರ. ಬಾಯಿ ಹೊಲಿದು, 100 ಮಿಲಿಲೀಟರ್ ಟ್ರಿಸ್ ಬಫರ್ ತುಂಬಿದ ಪಾತ್ರೆಯಲ್ಲಿ ತೂಗುಬಿಟ್ಟು 37 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಇಡಲಾಗುತ್ತದೆ. ಆಮೇಲೆ ಚೀಲದಲ್ಲಿ ಉಳಿದುದಕ್ಕೆ ಗಂಧಕಾಮ್ಲ ಸೇರಿಸಿ, ಮಾಸದ ತಿಳಿಗುಲಾಬಿ ಬಣ್ಣ ನಿಲ್ಲುವವರೆಗೆ ಪರ್ಮಾಂಗನೇಟ್ ಹನಿಸಿದರೆ ಎಷ್ಟು ಆಕ್ಸಲೇಟ್ ಉಳಿದಿದೆ ಎಂದು ಲೆಕ್ಕ ಸಿಗುತ್ತದೆ. ಉಳಿಯದ್ದು ಕರಗಿದ್ದು.

ಲೆಕ್ಕ ಸರಿ, ಅರ್ಥ ಹೇಳುವಲ್ಲಿ ಎಚ್ಚರ ಬೇಕು. ಮೇಲೆ ಹೇಳಿದ ಕರಗುವಿಕೆಯ ಮಿತಿಯನ್ನು ಇಲ್ಲಿಗೆ ಹಚ್ಚಿ ನೋಡಿ. 100 ಮಿಲಿಲೀಟರ್ ಬರೀ ನೀರೇ ಸಾಕಷ್ಟು ಹೊತ್ತು ಕೊಟ್ಟರೆ 0.6 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಆಕ್ಸಲೇಟನ್ನು ಕರಗಿಸಿಕೊಳ್ಳಬಲ್ಲದು, ಅಂದರೆ ಹಾಕಿದ್ದರ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಸಾರವಿಲ್ಲದೆ ಹರಳಷ್ಟೇ ಇರುವ ಚೀಲವನ್ನೂ ಜೊತೆಗೆ ತೂಗುಬಿಟ್ಟು ಅದರ ಅಂಕಿ ಕಳೆಯದ ವರದಿಯನ್ನು ಬದಿಗಿಡುವುದು ಲೇಸು. ಸಾರದ ಪ್ರಮಾಣ ಹರಳಿನ ಹತ್ತು ಪಟ್ಟು, ರೋಗಿಯ ಮೂತ್ರದಲ್ಲಿ ಅಷ್ಟು ಸಾಂದ್ರತೆ ಬರುವ ಸಂಭವವಿಲ್ಲ. ಕುಡಿದ ಕಷಾಯ ಕರುಳು, ಪಿತ್ತಜನಕಾಂಗಗಳನ್ನು ಹಾದು ರೂಪ ಬದಲಿಸಿಕೊಂಡೇ ಮೂತ್ರಕ್ಕೆ ಇಳಿಯುತ್ತದೆ.

ಇದಕ್ಕಿಂತ ಹೆಚ್ಚು ತಿಳಿಸುವುದು ಹರಳು ಹುಟ್ಟುವುದನ್ನೇ ನೋಡುವ ಪರೀಕ್ಷೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಆಕ್ಸಲೇಟ್ ದ್ರಾವಣಗಳನ್ನು ಬೆರೆಸಿದಾಗ ತಿಳಿನೀರು ಕದಡುತ್ತದೆ. ಆ ಮಸುಕನ್ನು 620 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು, ಸಾರ ಇದ್ದಾಗ ಎಷ್ಟು ನಿಧಾನವಾಯಿತೆಂದು ನೋಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಅಂಚು ಚೂಪಾದ, ಜೀವಕೋಶಕ್ಕೆ ಬೇಗ ಅಂಟುವ ಮಾನೋಹೈಡ್ರೇಟ್ ಹರಳುಗಳ ಬದಲು ಅಷ್ಟಾಗಿ ಅಂಟದ ಡೈಹೈಡ್ರೇಟ್ ಹರಳುಗಳು ಹೆಚ್ಚಾದರೆ ಅದನ್ನು ಒಳ್ಳೆಯ ಗುರುತೆಂದು ಎಣಿಸುತ್ತಾರೆ.

ಇಲಿಗಳಲ್ಲಿ

ಪ್ರಾಣಿಪರೀಕ್ಷೆಯ ರೂಢಿಯ ಕ್ರಮದಲ್ಲಿ ವಿಸ್ಟಾರ್ ತಳಿಯ ಗಂಡು ಇಲಿಗಳಿಗೆ 28 ದಿನ ಕುಡಿಯುವ ನೀರಿನಲ್ಲಿ 0.75 ಶೇಕಡಾ ಎಥಿಲೀನ್ ಗ್ಲೈಕಾಲ್ ಬೆರೆಸಿ ಕೊಡುತ್ತಾರೆ. ಬೇಗ ಕಲ್ಲಾಗಲೆಂದು ಕೆಲವರು ಅಮೋನಿಯಂ ಕ್ಲೋರೈಡ್ ಸೇರಿಸುವುದೂ ಉಂಟು. ಗಂಡು ಹಾರ್ಮೋನು ಆಕ್ಸಲೇಟ್ ಹೆಚ್ಚಿಸುವುದರಿಂದ ಗಂಡಿಲಿಗಳ ಆಯ್ಕೆ. ಎಥಿಲೀನ್ ಗ್ಲೈಕಾಲ್ ಯಕೃತ್ತಿನಲ್ಲಿ ಹಂತಹಂತವಾಗಿ ಆಕ್ಸಲೇಟ್ ಆಗಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಸಸ್ಯಸಾರವನ್ನು ಮೊದಲ ದಿನದಿಂದಲೇ ಕೊಟ್ಟರೆ ತಡೆಯುವ ಪರೀಕ್ಷೆ, 15ನೇ ದಿನದಿಂದ ಕೊಟ್ಟರೆ ವಾಸಿಮಾಡುವ ಪರೀಕ್ಷೆ. ಕೊನೆಯಲ್ಲಿ ಮೂತ್ರದ ಆಕ್ಸಲೇಟ್, ಕ್ಯಾಲ್ಸಿಯಂ, ರಂಜಕ, ರಕ್ತದ ಯೂರಿಯಾ, ಕ್ರಿಯಾಟಿನಿನ್ ಅಳೆದು, ಮೂತ್ರಪಿಂಡದ ತೆಳು ಸೀಳನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಹರಳುಗಳು ಹೊಳೆಯುತ್ತವೆ. ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇದನ್ನು ನಡೆಸುವಂತಿಲ್ಲ.

ಕರ್ನಾಟಕದಿಂದ ಅಂತರರಾಷ್ಟ್ರೀಯ ಪತ್ರಿಕೆಗಳಿಗೆ ಹೋದ ಕೆಲಸಗಳು ಹೆಚ್ಚಾಗಿ ಈ ಬಗೆಯವು. ಬೆಳಗಾವಿಯ ಕೆಎಲ್‌ಇ ಫಾರ್ಮಸಿ ಕಾಲೇಜಿನವರು ನುಗ್ಗೆಯ ಬೇರಿನ ಕಟ್ಟಿಗೆಯ ಸಾರವನ್ನು ಹೀಗೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ನೀರಿನ ಸಾರ, ಮದ್ಯಸಾರದ ಸಾರ ಎರಡೂ ಇಲಿಗಳ ಮೂತ್ರದ ಆಕ್ಸಲೇಟನ್ನು ಇಳಿಸಿದವೆಂದು ಅವರ ವರದಿ. 2010ರಲ್ಲಿ ರೆಂಜೆ ಮರದ ತೊಗಟೆಯ ಮೇಲೆ ಕೆಎಲ್‌ಇ ಕಾಲೇಜುಗಳ ಸಂಶೋಧಕರು, ಮಂಜಿಷ್ಠದ ಬೇರಿನ ಮೇಲೆ ಬೆಂಗಳೂರಿನವರು ಇಂಥದ್ದೇ ಫಲಿತಾಂಶ ಪ್ರಕಟಿಸಿದರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ವರುಣದ ತೊಗಟೆಯ ಲೂಪಿಯಾಲ್ ಎಂಬ ಒಂದೇ ಘಟಕವನ್ನು ಬೇರ್ಪಡಿಸಿ ನಡೆದ ಕೆಲಸ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದಿನದು. ಇಡೀ ಸಾರದ ಬದಲು ಹೆಸರಿಟ್ಟು ಹೇಳಬಹುದಾದ ವಸ್ತುವನ್ನು ಅದು ಹಿಡಿದುಕೊಂಡಿತು.

ಈ ಮಾದರಿಯ ಒಂದು ದೋಷವನ್ನು ಲೇಖನಗಳು ಅಪರೂಪಕ್ಕೆ ಮಾತ್ರ ಚರ್ಚಿಸುತ್ತವೆ. ಎಥಿಲೀನ್ ಗ್ಲೈಕಾಲನ್ನು ಆಕ್ಸಲೇಟಿನ ದಾರಿಗೆ ಹಚ್ಚುವ ಕಿಣ್ವ ಮದ್ಯವನ್ನು ಜೀರ್ಣಿಸುವ ಕಿಣ್ವವೇ. ಹೀಗಾಗಿಯೇ ಎಥಿಲೀನ್ ಗ್ಲೈಕಾಲ್ ವಿಷ ಕುಡಿದವರಿಗೆ ವೈದ್ಯರು ಎಥೆನಾಲ್ ಕೊಡುತ್ತಿದ್ದರು. ಸಸ್ಯಸಾರವೋ ಬಹಳ ಸಲ ಎಥೆನಾಲಿನಲ್ಲೇ ಇಳಿಸಿದ್ದು. ಅದನ್ನು ಪೂರ್ತಿ ಆವಿ ಮಾಡಿ ಹೊರಹಾಕದಿದ್ದರೆ, ಇಲ್ಲವೇ ಗಿಡದಲ್ಲೇ ಆ ಕಿಣ್ವವನ್ನು ತಡೆಯುವ ಅಂಶವಿದ್ದರೆ, ಇಲಿಗೆ ಕಲ್ಲಾಗುವುದಿಲ್ಲ. ಅದರಿಂದ ಮನುಷ್ಯನಿಗೆ ಪ್ರಯೋಜನವೂ ಇಲ್ಲ, ಏಕೆಂದರೆ ಅವನ ಆಕ್ಸಲೇಟ್ ಬಂದದ್ದು ಎಥಿಲೀನ್ ಗ್ಲೈಕಾಲಿನಿಂದಲ್ಲ. ಇನ್ನೊಂದು ವ್ಯತ್ಯಾಸ ಅಂಗರಚನೆಯದು. ಮನುಷ್ಯರ ಎಷ್ಟೋ ಆಕ್ಸಲೇಟ್ ಕಲ್ಲುಗಳು ಮೂತ್ರಪಿಂಡದೊಳಗಿನ ಮೊಲೆತೊಟ್ಟಿನಂಥ ತುದಿಯ (ಪ್ಯಾಪಿಲಾ) ಮೇಲಿನ ಕ್ಯಾಲ್ಸಿಯಂ ಫಾಸ್ಫೇಟಿನ ಮಚ್ಚೆಗೆ ಕಚ್ಚಿಕೊಂಡು ಬೆಳೆಯುತ್ತವೆ. ಮೂತ್ರಶಾಸ್ತ್ರಜ್ಞ ಅಲೆಕ್ಸಾಂಡರ್ ರ‍್ಯಾಂಡಲ್ 1937ರಲ್ಲಿ ವಿವರಿಸಿದ ಈ ಮಚ್ಚೆ ಎಥಿಲೀನ್ ಗ್ಲೈಕಾಲ್ ಕುಡಿದ ಇಲಿಯಲ್ಲಿಲ್ಲ, ಅದರಲ್ಲಿರುವುದು ವಿಷದಿಂದ ಗಾಯಗೊಂಡ ನಳಿಕೆಗಳಿಗೆ ಅಂಟಿದ ಹರಳು. ಉತ್ಕರ್ಷಣ ತಡೆಯುವ ಯಾವ ಸಾರವಾದರೂ ಆ ಗಾಯವನ್ನು ಸ್ವಲ್ಪ ತಗ್ಗಿಸೀತು. ಗಿಡ ಬದಲಾದರೂ ಫಲಿತಾಂಶ ಬದಲಾಗದಿರುವುದರ ಗುಟ್ಟು ಬಹುಶಃ ಇದೇ.

ಪ್ರಮಾಣದ ಲೆಕ್ಕವೂ ಇದೆ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟಿದ್ದರೆ, ದೇಹದ ಮೇಲ್ಮೈಯ ಲೆಕ್ಕದಲ್ಲಿ 60 ಕಿಲೋದ ಮನುಷ್ಯನಿಗೆ ಸುಮಾರು 1.9 ಗ್ರಾಂ ಸಾರ ಬೇಕು. ಒಣ ಮೂಲಿಕೆಯಿಂದ ಹತ್ತರಲ್ಲೊಂದು ಪಾಲು ಸಾರ ಇಳಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 19 ಗ್ರಾಂ ಮೂಲಿಕೆ. ಕಷಾಯಕ್ಕೆ ಇದು ಅಸಾಧ್ಯವಲ್ಲ, ಮಾತ್ರೆಗೆ ಕಷ್ಟ.

ಮನುಷ್ಯರಲ್ಲಿ

ಇಲಿಗಳ ಪರೀಕ್ಷೆಯಲ್ಲಿ ಹೋಲಿಕೆಗೆ ಇಡುವ ‘ಪ್ರಮಾಣಿತ ಮದ್ದು’ ಬಹಳ ಸಲ ಸಿಸ್ಟೋನ್. ಬೆಂಗಳೂರಿನ ಹಿಮಾಲಯ ಕಂಪನಿಯ ಈ ಮಾತ್ರೆಯಲ್ಲಿ ಪಾಷಾಣಭೇದ, ಮಂಜಿಷ್ಠ, ಉತ್ತರಣೆ, ಸಹದೇವಿ, ಶಿಲಾಜಿತು ಮೊದಲಾದವು ಸೇರಿವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಇದನ್ನು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನ ರೋಗಿಗಳಿಗೆ ಕೊಟ್ಟು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂತ್ರದ ರಸಾಯನದಲ್ಲಿ ಗಣನೀಯ ಬದಲಾವಣೆ ಇರಲಿಲ್ಲ, ವರ್ಷದ ಬಳಕೆಯ ನಂತರ ಕಲ್ಲಿನ ಹೊರೆಯೂ ಕುಗ್ಗಲಿಲ್ಲ. ಅದು ಬೆರಳೆಣಿಕೆಯ ರೋಗಿಗಳ ಚಿಕ್ಕ ಪರೀಕ್ಷೆ, ಅಂತಿಮ ತೀರ್ಪಲ್ಲ. ಆದರೆ ಮನುಷ್ಯರಲ್ಲಿ ಗಟ್ಟಿಯಾಗಿ ಸಾಬೀತಾಗದ ಮದ್ದನ್ನು ಮಾನದಂಡವಾಗಿಟ್ಟು, ‘ನಮ್ಮ ಸಾರ ಅದಕ್ಕೆ ಸಮ’ ಎಂದು ಬರೆಯುವುದು ಮುಳ್ಳು ಸರಿಯಿಲ್ಲದ ತಕ್ಕಡಿಯಲ್ಲಿ ತೂಗಿದ ಹಾಗೆ.

ಬ್ರೆಜಿಲಿನ ನಿರೂರಿಯ ಜಾಡು ಸ್ವಲ್ಪ ಹೆಚ್ಚು ಭರವಸೆಯದು. ಸಾವೊ ಪಾಲೊದ ಸಂಶೋಧಕರು 1999ರಲ್ಲಿ ಅದರ ಸಾರ ಮೂತ್ರಪಿಂಡದ ಜೀವಕೋಶಗಳು ಹರಳನ್ನು ಒಳಗೆಳೆದುಕೊಳ್ಳುವುದನ್ನು ತಡೆಯುತ್ತದೆಂದು ತೋರಿಸಿದರು. 2004ರಲ್ಲಿ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ರೋಗಿಗಳಲ್ಲಿ ಅದು ಇಳಿದದ್ದು ವರದಿಯಾಯಿತು. 2006ರ ಇಟಲಿಯ ಪರೀಕ್ಷೆಯಲ್ಲಿ ಆಘಾತತರಂಗದಿಂದ ಕಲ್ಲು ಒಡೆಸಿಕೊಂಡ 150 ರೋಗಿಗಳ ಪೈಕಿ, ಮೂತ್ರಪಿಂಡದ ಕೆಳಮೂಲೆಯಲ್ಲಿ ಕಲ್ಲಿದ್ದವರಿಗೆ ಚೂರುಗಳು ಹೊರಹೋಗಲು ಈ ಸಾರ ನೆರವಾದಂತೆ ಕಂಡಿತು. ಮದ್ದು ಕಲ್ಲನ್ನು ಕರಗಿಸಲಿಲ್ಲ, ಯಂತ್ರ ಒಡೆದದ್ದನ್ನು ಸಾಗಿಸಿತು. ನಿಟ್ಟೆ, ಮಣಿಪಾಲದಂಥ ಕಡೆ ಮಾಡಿನೋಡಬಹುದಾದ, ಅರ್ಥವಿರುವ ಪ್ರಶ್ನೆ ಇಂಥದ್ದು.

ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ದೊಡ್ಡ ಮೋಸಗಾರ ರೋಗವೇ. ಮೂತ್ರನಾಳಕ್ಕೆ ಇಳಿದ 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾವ ಮದ್ದೂ ಇಲ್ಲದೆ ಹೊರಬೀಳುತ್ತವೆ. ಆ ವಾರ ಕುಡಿದದ್ದು ಕಾಡುಬಸಳೆಯಾದರೆ ಕೀರ್ತಿ ಕಾಡುಬಸಳೆಗೆ. ಹೋಲಿಕೆಯ ಗುಂಪು ಇಲ್ಲದ ‘ನೂರಕ್ಕೆ ಎಪ್ಪತ್ತು ಗುಣ’ ಎಂಬ ಅಂಕಿಗೆ ಹಾಗಾಗಿ ಬೆಲೆಯಿಲ್ಲ. ಆಧುನಿಕ ಔಷಧಗಳೂ ಇಲ್ಲಿ ಎಡವಿವೆ. ಸಣ್ಣ ಸಣ್ಣ ಪರೀಕ್ಷೆಗಳ ಬಲದಿಂದ ಕಲ್ಲು ಹೊರಬೀಳಲೆಂದು ಜಗತ್ತಿನಾದ್ಯಂತ ವೈದ್ಯರು ಬರೆದುಕೊಡುತ್ತಿದ್ದ ಟ್ಯಾಮ್ಸುಲೋಸಿನ್, ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 2015ರ ಪರೀಕ್ಷೆಯಲ್ಲಿ ಸುಳ್ಳುಗುಳಿಗೆಗಿಂತ ಮೇಲೆನಿಸಲಿಲ್ಲ. ಕಲ್ಲು ಮರಳದಂತೆ ದಶಕಗಳಿಂದ ಕೊಡುತ್ತಿದ್ದ ಹೈಡ್ರೋಕ್ಲೋರೋಥಯಜೈಡ್ 2023ರ ಸ್ವಿಸ್ ಪರೀಕ್ಷೆಯಲ್ಲಿ ಹಾಗೆಯೇ ಸೋತಿತು.

ಗೆದ್ದದ್ದು ನೀರು. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಚ್ಚು ನೀರು ಕುಡಿದವರ ಪೈಕಿ ಶೇಕಡಾ 12 ಮಂದಿಗೆ, ಉಳಿದವರ ಪೈಕಿ ಶೇಕಡಾ 27 ಮಂದಿಗೆ ಕಲ್ಲು ಮರುಕಳಿಸಿತು. ಇದರಿಂದ ಮನೆಮದ್ದಿನ ಪರೀಕ್ಷೆ ಇನ್ನೂ ಜಟಿಲವಾಗುತ್ತದೆ. ಬಾರ್ಲಿ ನೀರು, ಬೊಂಡ, ತೆಳ್ಳನೆಯ ಹುರುಳಿ ಸಾರು, ಬಾಳೆದಿಂಡಿನ ರಸ ಎಲ್ಲವೂ ಬಹುಪಾಲು ನೀರೇ. ಬಾಳೆದಿಂಡಿನ ರಸ ಇಲಿಗಳ ಮೂತ್ರದಲ್ಲಿ ಆಕ್ಸಲೇಟ್ ಇಳಿಸಿದ ವರದಿ 1994ರಲ್ಲೇ ಬಂದಿದೆ. ಆದರೆ ರೋಗಿಗಳಲ್ಲಿ ನೋಡಬೇಕಾದರೆ ಎದುರುಗುಂಪಿಗೂ ಅಷ್ಟೇ ಲೋಟ ನೀರು ಕುಡಿಸಬೇಕು.

ಅಪಾಯ ಮತ್ತು ಕಾನೂನು

ಗಿಡವೆಂದ ಮಾತ್ರಕ್ಕೆ ನಿರಪಾಯವಲ್ಲ ಎನ್ನುವುದಕ್ಕೆ ಕರಾವಳಿಯ ಹಿತ್ತಲಿನಲ್ಲೇ ಸಾಕ್ಷಿಯಿದೆ. ಉಪ್ಪಿನಕಾಯಿ, ಮೀನುಸಾರಿಗೆ ಹಾಕುವ ಬಿಂಬುಳಿಯಲ್ಲಿ ಆಕ್ಸಲೇಟ್ ಹೇರಳ. ಕೊಲೆಸ್ಟರಾಲ್ ಇಳಿಯಲೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೈಕೊಟ್ಟವರ ಪ್ರಕರಣಗಳನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. ಅದರ ಹತ್ತಿರದ ನೆಂಟ ನಕ್ಷತ್ರಹುಳಿಯೂ ಮೂತ್ರಪಿಂಡ ಸೋತವರಿಗೆ ವಿಷ. ಸಾರಿನಲ್ಲಿ ನಾಲ್ಕು ಕಾಯಿ ಹಾಕುವುದು ಬೇರೆ, ಖಾಲಿಹೊಟ್ಟೆಗೆ ರಸ ಕುಡಿಯುವುದು ಬೇರೆ. ಗಿಡಮದ್ದು ನಂಬಿ ಕಾಯುವುದರ ಅಪಾಯ ಇನ್ನೂ ಹೆಚ್ಚು. ಮೂತ್ರನಾಳ ಪೂರ್ತಿ ಕಟ್ಟಿಕೊಂಡು ನೋವು ತಾನಾಗಿ ನಿಂತರೂ ಮೂತ್ರಪಿಂಡ ಒಳಗೊಳಗೇ ಸೊರಗುತ್ತಿರಬಹುದು. ಕಲ್ಲಿನ ಜೊತೆ ಚಳಿಜ್ವರ ಬಂದರೆ ಅದು ತುರ್ತು ಪರಿಸ್ಥಿತಿ.

ಗ್ರಂಥೋಕ್ತ ಆಯುರ್ವೇದ ಔಷಧ ತಯಾರಿಕೆಗೆ ಪರವಾನಗಿ ಪಡೆಯಲು ಹೊಸ ಔಷಧಕ್ಕೆ ಬೇಕಾದಂಥ ರೋಗಿಪರೀಕ್ಷೆ ಬೇಕಿಲ್ಲ. ಆದರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಮೂತ್ರಪಿಂಡದ ಕಲ್ಲಿನ ಹೆಸರಿದೆ, ಅದನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡುವಂತಿಲ್ಲ. 2009ರಿಂದ ದೇಶದಲ್ಲಿ ರೋಗಿಗಳ ಮೇಲಿನ ಪರೀಕ್ಷೆಗಳನ್ನು ಮೊದಲೇ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಬೇಕು. 2015ರಲ್ಲಿ ಔಷಧ ನಿಯಮಗಳಿಗೆ ಫೈಟೋಫಾರ್ಮಾಸ್ಯೂಟಿಕಲ್ ಎಂಬ ಹೊಸ ವರ್ಗ ಸೇರಿತು. ಕನಿಷ್ಠ ನಾಲ್ಕು ಘಟಕಗಳನ್ನು ಗುರುತಿಸಿ ಅಳೆದ, ಶುದ್ಧೀಕರಿಸಿದ ಸಸ್ಯಸಾರವನ್ನು ಈ ವರ್ಗದಡಿ ಆಧುನಿಕ ಔಷಧದಂತೆಯೇ ರೋಗಿಗಳ ಮೇಲೆ ಪರೀಕ್ಷಿಸಿ ಮಾರುಕಟ್ಟೆಗೆ ತರಲು ಅವಕಾಶವಿದೆ.